ನಡುವಿನ ಜಾಯಿಂಟು

ಹಿತ್ತಲ ಮೆಟ್ಟಿಲ ಮೇಲೆ ಕೂತು ಅವಳು ಪೈಪಿನ ಮೂಲೆಗೆ ಹಾಕುವ ಹಳೆಯ ಕಬ್ಬಿಣದ ಎಲ್ಬೋ ಒಂದರ ಥ್ರೆಡ್ಡಿನ ತಿರುಪಿನಲ್ಲಿ ಗಟ್ಟಿಯಾಗಿ ಅಂಟಿದ್ದ ನಾರನ್ನು ಹೇರ್‌ಪಿನ್ನಿನ ತುದಿಯಿಂದ ಎಬ್ಬಿಸುತ್ತಿದ್ದಳು. ಒಂದು ಸುತ್ತು ಬಿಡಿಸುವುದು, ಊದುವುದು, ಹರಕು ಬಟ್ಟೆಯಲ್ಲಿ ಒರೆಸುವುದು, ಮತ್ತೆ ಮುಂದಿನ ಸುತ್ತು. ಮನೆಯಲ್ಲಿ ಯಾರ ಬಾಯಿಂದಲೂ ಒಂದು ಸೊಲ್ಲಿಲ್ಲ. ಅಪ್ಪ ಮುಂಬಾಗಿಲಲ್ಲಿ ಬೀದಿಗೆ ಮುಖ ಮಾಡಿ ಕೂತಿದ್ದ. ಭಾವ ಮಹಡಿಯ ಮೇಲೆ ಯಾವ ಕೆಲಸವೂ ಇಲ್ಲದೆ ಕೆಲಸವಿರುವವನ ಹಾಗೆ ಓಡಾಡುತ್ತಿದ್ದ. ಅಮ್ಮ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಮಾತ್ರ ಮಾತಾಡಿಸುತ್ತಿದ್ದಳು, ಅದೂ ಸ್ವಲ್ಪ ಜೋರಾಗಿ.

ಅವಳಿಗೆ ಮನೆಯವರು ಇಟ್ಟ ಹೆಸರು ಬಿರಡೆ. ಬಾಯಿಗೆ ಬಿರಡೆ ಹಾಕಿಕೊಂಡೇ ಹುಟ್ಟಿದವಳು ಎಂದು ಅಕ್ಕ ಚಿಕ್ಕಂದಿನಲ್ಲಿ ಹೇಳಿದ್ದು ಹಾಗೇ ಉಳಿದುಕೊಂಡಿತ್ತು. ಅಮ್ಮ ಕಾಲು ಮುರಿದುಕೊಂಡ ವರ್ಷ ಬಿರಡೆ ಶಾಲೆ ಬಿಟ್ಟಳು. ಕಾಲು ಕೂಡಿಕೊಂಡ ಮೇಲೆ ಮತ್ತೆ ಹೋಗು ಎಂದು ಯಾರೂ ಹೇಳಲಿಲ್ಲ, ಹೋಗುತ್ತೇನೆ ಎಂದು ಅವಳೂ ಹೇಳಲಿಲ್ಲ. ಹೀಗೆ ಅವಳ ಓದು ಬೈಗುಳವಿಲ್ಲದೆ, ಕಣ್ಣೀರಿಲ್ಲದೆ, ಯಾರೂ ತಿರುಗಿಸದ ನಲ್ಲಿಯ ಹಾಗೆ ನಿಂತುಹೋಯಿತು.

ಮನೆಯ ತೊಂದರೆ ಏನೆಂದರೆ ಅಪ್ಪ, ಭಾವ ಇಬ್ಬರೂ ಪೈಪಿನ ಕೆಲಸದವರು. ಮಾವ ಬಡಗಿ, ಅಳಿಯ ದರ್ಜಿ ಆಗಿದ್ದರೆ ಊಟಕ್ಕೆ ಕೂತಾಗ ಒಬ್ಬರ ಕೆಲಸವನ್ನು ಒಬ್ಬರು ಹೊಗಳಿ ಎದ್ದುಬಿಡಬಹುದು. ಇಬ್ಬರೂ ಒಂದೇ ಕಸುಬಿನವರಾದರೆ ಲೋಟದಲ್ಲಿರುವ ನೀರೂ ಜಗಳಕ್ಕೆ ಬರುತ್ತದೆ. ಅಪ್ಪನದು ಕಬ್ಬಿಣ. ಪೈಪಿನ ತುದಿಗೆ ಥ್ರೆಡ್ಡು ಕೊರೆದು, ಸೆಣಬಿನ ನಾರು ಸುತ್ತಿ, ಮೇಲೆ ಬಿಳಿ ಪೇಸ್ಟು ಸವರಿ, ಅವನ ಮೊಳಕೈಯುದ್ದದ ರೆಂಚಿನಲ್ಲಿ ಬಿಗಿದು, ಕೊನೆಗೆ ಎಮ್ಮೆಯ ಬೆನ್ನಿಗೆ ಬಡಿದಂತೆ ಜಾಯಿಂಟಿಗೆ ಒಂದು ಬಡಿದರೆ ಅವನ ಕೆಲಸ ಮುಗಿಯಿತು. ಭಾವನದು ಪ್ಲಾಸ್ಟಿಕ್ಕು. ಕೆನೆ ಬಣ್ಣದ ಪೈಪು, ಮೂಗು ಸುಡುವ ವಾಸನೆಯ ಸಲ್ಯೂಷನ್ನು ಎಂಬ ಅಂಟು. ಹಚ್ಚು, ತೂರಿಸು, ಕಾಲು ಸುತ್ತು ತಿರುಗಿಸು, ಹಿಡಿದು ನಿಲ್ಲು. ಅಪ್ಪ ಒಂದು ಜಾಯಿಂಟು ಮುಗಿಸುವಷ್ಟರಲ್ಲಿ ಭಾವ ನಾಲ್ಕು ಮುಗಿಸಿ ಟೀ ಕೇಳುತ್ತಾನೆ.

ಅಕ್ಕ ಭಾವ ಇಬ್ಬರೂ ಇನ್ನು ಈ ಮನೆಯ ಮಹಡಿಯಲ್ಲೇ ಇರುವುದೆಂದು ಆಗಿತ್ತು. ಅದಕ್ಕಾಗಿ ಮೇಲೆ ಹೊಸ ಬಚ್ಚಲು. ಗೋಡೆ ಕೊರೆದಾಗಿತ್ತು, ನಾಳೆ ಬೆಳಿಗ್ಗೆ ಗಾರೆ ಮೇಸ್ತ್ರಿ ಬಂದು ಮುಚ್ಚುವುದೆಂದು ಗೊತ್ತಾಗಿತ್ತು. ಕೊರೆದ ಗೋಡೆಯೊಳಗೆ ಯಾರ ಪೈಪು ಹೋಗಬೇಕು ಎನ್ನುವುದೊಂದೇ ಗೊತ್ತಾಗಿರಲಿಲ್ಲ.

"ಅಂಟು ಅನ್ನೋದು ಮಕ್ಕಳು ಪುಸ್ತಕದ ರಟ್ಟಿಗೆ ಹಚ್ಚೋದು, ಅಳಿಯಂದ್ರೇ," ಎಂದಿದ್ದ ಅಪ್ಪ ಬೆಳಿಗ್ಗೆ. "ನೀರನ್ನ ಅಂಟಲ್ಲಿ ಕಟ್ಟಿ ಹಾಕ್ತಾರಾ?"

"ನಿಮ್ಮ ಕಬ್ಬಿಣ ಒಳಗೆಲ್ಲ ತುಕ್ಕು ಹಿಡ್ದು ನೀರು ಹೋಗೋ ದಾರಿ ಕಿರುಬೆರಳಷ್ಟಾಗಿದೆ ಮಾವ. ಅದು ಪೈಪಲ್ಲ, ಕೊಳಲು."

"ನನ್ನ ಜಾಯಿಂಟನ್ನ ನಾಳೆ ಬೇಕಾದ್ರೆ ಬಿಚ್ಚಬಹುದು. ನಿನ್ನದನ್ನ? ಕೊಯ್ದು ಎಸೀಬೇಕು."

"ಸೋರದೇ ಇರೋದನ್ನ ಯಾಕೆ ಬಿಚ್ಚಬೇಕು?"

"ಸೋರಿದಾಗ ಕೇಳು, ಹೇಳ್ತೀನಿ."

ಅಮ್ಮ ಸೌಟು ಹಿಡಿದೇ ಹೊರಗೆ ಬಂದಿದ್ದಳು. "ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು. ನಡುವೆ ನನ್ನ ಮಗಳು ಸ್ನಾನ ಮಾಡೋದು ಯಾವಾಗ? ಹಿತ್ತಲಲ್ಲಿ ಒಂದೊಂದು ತುಂಡು ಮಾಡಿಡಿ ಇಬ್ರೂ. ಪಂಪಲ್ಲಿ ನೀರು ಒತ್ತಿ ಬೆಳಗಿನವರೆಗೂ ಬಿಡಿ. ಯಾವುದು ಬೆವರುತ್ತೋ ಅದು ಗೋಡೆಗೆ ಬೇಡ."

ಭಾವನ ಹತ್ತಿರ ಒತ್ತಡ ನೋಡುವ ಕೈಪಂಪು ಇದ್ದದ್ದು ಒಂದೇ. ಅಳಿಯ ತನ್ನದಕ್ಕೆ ಮೆಲ್ಲಗೆ ಒತ್ತಿ ಮಾವನದಕ್ಕೆ ಜೋರಾಗಿ ಒತ್ತಿದರೆ? ಹಾಗಾಗಿ ಎರಡು ತುಂಡೂ ಒಂದೇ ಸಾಲಿನಲ್ಲಿರಬೇಕು, ಎರಡಕ್ಕೂ ಒಂದೇ ನೀರು, ಒತ್ತಡ ತೋರಿಸಲು ಒಂದೇ ಮುಳ್ಳು ಎಂದು ಅಪ್ಪ ಹಟ ಹಿಡಿದ. ಆಗಲಿ ಎಂದ ಭಾವ. ಕಲ್ಲುಬೆಂಚಿನ ಆ ತುದಿಯಲ್ಲಿ ಅಪ್ಪನ ಕಬ್ಬಿಣ ತಯಾರಾಯಿತು, ಈ ತುದಿಯಲ್ಲಿ ಭಾವನ ಪ್ಲಾಸ್ಟಿಕ್ಕು. ನಡುವೆ ಒಂದು ಗೇಣು ಜಾಗ ಖಾಲಿ ಉಳಿಯಿತು.

"ನಾನು ಥ್ರೆಡ್ಡು ಬಿಟ್ಟಿದ್ದೀನಿ. ಸೇರಿಸ್ಕೋಬೇಕಾದವರು ಬಂದು ಸೇರಿಸ್ಕೊಳ್ಳಲಿ," ಎಂದ ಅಪ್ಪ.

"ನಾನೂ ಪೈಪ್ ತುದಿ ಬಿಟ್ಟಿದ್ದೀನಿ. ಹಿರಿಯರು ಮೊದಲು," ಎಂದ ಭಾವ.

ಆಮೇಲೆ ಒಬ್ಬ ಬಾಗಿಲಿಗೆ, ಒಬ್ಬ ಮಹಡಿಗೆ. ಆವಾಗಿನಿಂದ ಮನೆ ಹೀಗೆ ಬಾಯಿ ಕಟ್ಟಿಕೊಂಡಿತ್ತು.

ಬಿರಡೆ ಎಲ್ಬೋವನ್ನು ಪಕ್ಕಕ್ಕಿಟ್ಟು ಆ ಗೇಣು ಜಾಗವನ್ನೇ ನೋಡಿದಳು. ಅವಳಿಗೆ ಕಬ್ಬಿಣವೂ ಬೇಕಿರಲಿಲ್ಲ, ಪ್ಲಾಸ್ಟಿಕ್ಕೂ ಬೇಕಿರಲಿಲ್ಲ. ಒಳಗೆ ಏನಾಗುತ್ತದೆ ಎನ್ನುವುದು ಬೇಕಿತ್ತು.

ಅವಳ ಮಂಚದ ಕೆಳಗೆ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ಅಪ್ಪ, ಭಾವ ಬೇರೆಯವರ ಮನೆಗಳಿಂದ, ಕೆಲವೊಮ್ಮೆ ಈ ಮನೆಯಿಂದಲೂ ಕಿತ್ತು ತಂದು ಹಿತ್ತಲ ಮೂಲೆಗೆ ಎಸೆದ ಹಳೆಯ ಜಾಯಿಂಟುಗಳನ್ನು ಅವಳು ಹ್ಯಾಕ್ಸಾ ಗರಗಸದ ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ, ಎರಡು ಹೋಳು ಮಾಡಿ, ತೊಳೆದು, ಅದರಲ್ಲಿ ಇಟ್ಟುಕೊಂಡಿದ್ದಳು. ಕಬ್ಬಿಣವನ್ನು ಸೀಳಲು ಒಂದು ಮಧ್ಯಾಹ್ನ ಸಾಲುತ್ತಿರಲಿಲ್ಲ. ಪ್ಲಾಸ್ಟಿಕ್ಕು ಸೌತೆಕಾಯಿಯ ಹಾಗೆ ಬರುತ್ತಿತ್ತು. ಹೊರಗಿನಿಂದ ಎಲ್ಲ ಜಾಯಿಂಟೂ ಸಭ್ಯವಾಗಿಯೇ ಕಾಣುತ್ತದೆ, ಮದುವೆಗೆ ಹೊರಟ ನೆಂಟರ ಹಾಗೆ. ಸೀಳಿದಾಗ ತಾನೇ ಗೊತ್ತಾಗುವುದು! ನಾರಿನ ಜಾಯಿಂಟಿನಲ್ಲಿ ನಾರು ಥ್ರೆಡ್ಡಿನ ಸಂದುಸಂದಿನಲ್ಲೂ ಉಬ್ಬಿ, ಹಲ್ಲಿನ ನಡುವೆ ಸಿಕ್ಕ ಮಾವಿನ ಎಳೆಯಂತೆ ಕಚ್ಚಿಕೊಂಡಿರುತ್ತಿತ್ತು. ಅಂಟಿನ ಜಾಯಿಂಟು ಚೆನ್ನಾಗಿದ್ದರೆ ಎರಡು ಪ್ಲಾಸ್ಟಿಕ್ಕುಗಳ ನಡುವೆ ಗೆರೆಯೇ ಇರುತ್ತಿರಲಿಲ್ಲ. ಯಾವುದು ಪೈಪು, ಯಾವುದು ಅದನ್ನು ಕೂಡಿಸುವ ಕಪ್ಲಿಂಗು ಎಂದು ಬೆರಳಿಟ್ಟು ತೋರಿಸಲಾಗುತ್ತಿರಲಿಲ್ಲ. ಇನ್ನೊಂದು ಬಗೆಯದು ಬಿಸಿ ಮಾಡಿ ಒತ್ತುವ ಹಸಿರು ಪೈಪು. ಅದರ ಎರಡು ತುದಿಗಳು ಮೆತ್ತಗಾಗಿ ಒಂದಾಗುವಾಗ ಒಳಗೆ ತುಟಿಯಂತೆ ಒಂದು ಏಣು ಎದ್ದು ನೀರಿನ ದಾರಿಯನ್ನು ಕಿರಿದು ಮಾಡಿರುತ್ತಿತ್ತು. ರಬ್ಬರು ಬಳೆ ಇಟ್ಟು ನಟ್ಟು ಬಿಗಿಯುವುದೂ ಒಂದಿತ್ತು. ಅದು ಅವಳಿಗೆ ಸಪ್ಪೆ ಎನಿಸಿತ್ತು, ಅಲ್ಲಿ ಯಾವುದೂ ಯಾವುದರೊಳಗೂ ಹೋಗುವುದಿಲ್ಲ, ಪಕ್ಕದಲ್ಲಿ ಕೂತಿರುತ್ತವೆ ಅಷ್ಟೇ.

ಅವಳ ಡಬ್ಬಿಯಲ್ಲಿ ಇಲ್ಲದೇ ಇದ್ದದ್ದು ಒಂದೇ: ಕಬ್ಬಿಣವೂ ಪ್ಲಾಸ್ಟಿಕ್ಕೂ ಚೆನ್ನಾಗಿ ಕೂಡಿಕೊಂಡಿರುವ ಒಂದು ಜಾಯಿಂಟು. ಅಂಥದ್ದರಲ್ಲಿ ಅವಳಿಗೆ ಸಿಕ್ಕಿದ್ದು ಒಡೆದದ್ದು ಮಾತ್ರ.

ಸೋಮವಾರದಿಂದ ಅವಳು ಅಕ್ಕ ಹೋಗುವ ಸಿದ್ಧ ಉಡುಪಿನ ಕಾರ್ಖಾನೆಗೆ ಗುಂಡಿ ಹೊಲಿಯಲು ಹೋಗಬೇಕಿತ್ತು. ಅಕ್ಕ ಅಲ್ಲಿಯ ಮೇಲ್ವಿಚಾರಕಿಗೆ ಹೇಳಿ ಒಂದು ಕುರ್ಚಿ ಗಿಟ್ಟಿಸಿದ್ದಳು. ಬಿರಡೆ ಹೂಂ ಅಂದಿರಲಿಲ್ಲ. ಉಹುಂ ಎಂದೂ ಹೇಳಿರಲಿಲ್ಲವಾದ್ದರಿಂದ ಎಲ್ಲರೂ ಅದನ್ನು ಹೂಂ ಎಂದೇ ಎಣಿಸಿದ್ದರು. ಅಕ್ಕ ಒಮ್ಮೆ ಚೀಲ ತುಂಬ ಗುಂಡಿ ತಂದು ತೋರಿಸಿದ್ದಳು. ಬಿರಡೆ ಒಂದನ್ನು ಕೈಯಲ್ಲಿ ಹಿಡಿದು ಎರಡೂ ಕಡೆ ತಿರುಗಿಸಿ ನೋಡಿದಳು. ಗುಂಡಿಗೆ ಒಳಗು ಎನ್ನುವುದೇ ಇರಲಿಲ್ಲ. ಪೈಪಿನ ಕೆಲಸಕ್ಕೆ ನಾನೂ ಬರುತ್ತೇನೆ ಎಂದು ಅಪ್ಪನಿಗೋ ಭಾವನಿಗೋ ಹೇಳಬೇಕೆಂದು ಅವಳು ಅಂದಿನಿಂದ ಬಾಯಿ ತೆರೆದದ್ದು ಎಷ್ಟೋ ಸಲ. ಪ್ರತಿ ಸಲವೂ "ಟೀ ಮಾಡ್ಲಾ?" ಎಂದು ಕೇಳಿ ಒಳಗೆ ಹೋಗಿದ್ದಳು. ಆ ವಾರ ಮನೆಯಲ್ಲಿ ಎಲ್ಲರೂ ವಿಪರೀತ ಟೀ ಕುಡಿದರು.

ಗೋಡೆಯೊಳಗೆ ತನ್ನ ಕೈಯ ಒಂದು ಜಾಯಿಂಟು ಇದ್ದರೆ ಬಾಯಿ ತೆರೆಯಬೇಕಾದದ್ದೇ ಇಲ್ಲ ಎಂದು ಅವಳಿಗೆ ಅನಿಸಿತು. ಅದೇ ಮಾತಾಡುತ್ತದೆ.

ಎದ್ದಳು. ಭಾವನ ಚೀಲದಲ್ಲಿ ಒಳಗೆ ಹಿತ್ತಾಳೆಯ ಥ್ರೆಡ್ಡು ಕೂರಿಸಿದ್ದ ಪ್ಲಾಸ್ಟಿಕ್ ಕಪ್ಲಿಂಗು ಸಿಕ್ಕಿತು. ಅಪ್ಪನ ಡಬ್ಬದಿಂದ ನಾರು ತೆಗೆದಳು. ಭಾವನಾಗಿದ್ದರೆ ಬಿಳಿ ಟೇಪು ಸುತ್ತುತ್ತಿದ್ದ. ಆದರೆ ಅಪ್ಪನ ಪೈಪಿನ ಥ್ರೆಡ್ಡು ಸ್ವಲ್ಪ ಒರಟು, ಅದಕ್ಕೆ ನಾರೇ ಒಗ್ಗುತ್ತದೆ ಎಂದು ಅವಳ ಬೆರಳು ಹೇಳಿತು. ಬ್ಲೇಡಿನಿಂದ ಥ್ರೆಡ್ಡನ್ನು ಅಲ್ಲಲ್ಲಿ ಗೀಚಿದಳು, ನಾರು ಜಾರದಿರಲೆಂದು. ತಿರುಪು ಹೋಗುವ ಕಡೆಗೇ ಸುತ್ತಿದಳು. ಪೇಸ್ಟು ಸವರಿದಳು. ಕೈಯಲ್ಲಿ ತಿರುಗುವವರೆಗೆ ಕೈಯಲ್ಲಿ, ಆಮೇಲೆ ಚಿಕ್ಕ ರೆಂಚಿನಲ್ಲಿ.

ಎಲ್ಲಿ ನಿಲ್ಲಿಸಬೇಕು ಎನ್ನುವುದೇ ಇಲ್ಲಿಯ ಕಷ್ಟ. ನಾರು ಸುತ್ತಿದ್ದನ್ನು ಒಂದು ಕೂದಲಷ್ಟೂ ಹಿಂದಕ್ಕೆ ತಿರುಗಿಸುವ ಹಾಗಿಲ್ಲ, ತಿರುಗಿಸಿದರೆ ಸೋರಿತೆಂದೇ ಲೆಕ್ಕ. ಮುಂದಕ್ಕೆ ಹೋದರೆ ಹಿತ್ತಾಳೆಯ ಬಳೆ ಪ್ಲಾಸ್ಟಿಕ್ಕಿನ ಹೊಟ್ಟೆಯನ್ನು ಒಳಗಿನಿಂದ ಸೀಳುತ್ತದೆ. ಅತ್ತ ದರಿ, ಇತ್ತ ಪುಲಿ. ಅಪ್ಪ ಆಗಿದ್ದರೆ ಇನ್ನೂ ಅರ್ಧ ಸುತ್ತು ಎಳೆಯುತ್ತಿದ್ದ. ಬಿರಡೆ ರೆಂಚು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ, ಉಸಿರು ಬಿಟ್ಟು, ರೆಂಚು ತೆಗೆದುಬಿಟ್ಟಳು.

ಇನ್ನೊಂದು ತುದಿ ಸುಲಭ. ಪೈಪಿನ ತುಂಡನ್ನು ಅಳತೆಗೆ ಕೊಯ್ದು, ಒರೆಸಿ, ಎರಡೂ ಮೈಗೆ ಸಲ್ಯೂಷನ್ನು ಹಚ್ಚಿ, ತೂರಿಸಿ, ಕಾಲು ಸುತ್ತು ತಿರುಗಿಸಿ ಹಿಡಿದು ನಿಂತಳು. ಬೇಗ ಕೈ ಬಿಟ್ಟರೆ ಅದು ಮುನಿಸಿಕೊಂಡ ಮಗುವಿನ ಹಾಗೆ ಹಿಂದಕ್ಕೆ ಜಾರುತ್ತದೆ. ಅವಳು ಬಿಡಲಿಲ್ಲ. ಬೇಲಿಯ ಮೇಲೊಂದು ಕಾಗೆ ಬಂದು ಕೂತು, ನೋಡಿ, ಬೇಸತ್ತು ಹೋಯಿತು.

ಸಂಜೆ ಬಿಸಿಲಿಳಿದ ಮೇಲೆ ಮಾವ ಅಳಿಯ ಇಬ್ಬರೂ ಹಿತ್ತಲಿಗೆ ಬಂದರು. ನಡುವಿನ ಗೇಣು ತುಂಬಿತ್ತು. ಅಪ್ಪ ಅದನ್ನು ನೋಡಿ ಮೀಸೆಯಡಿಯಲ್ಲಿ ನಕ್ಕ. ಅಳಿಯ ಬಗ್ಗಿದ ಎಂದುಕೊಂಡ. ಭಾವನೂ ನೋಡಿದ, ನಾರು ಕಂಡು, ಮುದುಕ ಸೋತ ಎಂದುಕೊಂಡ. ಇಬ್ಬರೂ ದೊಡ್ಡ ಮನಸ್ಸು ಮಾಡಿ ಆ ಮಾತೆತ್ತಲಿಲ್ಲ. ಬಿರಡೆ ಬಾಗಿಲ ಹಿಂದೆ ನಿಂತು ಎರಡೂ ಮುಖ ನೋಡಿದಳು, ನಗು ಬಂತು, ನುಂಗಿದಳು.

ಭಾವ ಪಂಪು ಒತ್ತಿದ. ಮುಳ್ಳು ಮೇಲೇರಿ ಕೆಂಪು ಗೆರೆಯ ಹತ್ತಿರ ನಿಂತಿತು. ಅಮ್ಮ ಬೆಂಚಿನ ಉದ್ದಕ್ಕೂ ಹಳೆಯ ಪತ್ರಿಕೆ ಹಾಸಿದಳು, ಎಲ್ಲಿ ಹನಿ ಬಿದ್ದರೂ ಕಾಣಲೆಂದು.

"ಹನೀಲಿ ಹೋದ ಮಾನ ಟ್ಯಾಂಕ್ ತುಂಬಿಸಿದ್ರೂ ಬರಲ್ಲ, ನೆನಪಿರಲಿ," ಎಂದು ಅಪ್ಪ ಒಳಗೆ ಹೋದ.

ಎಲ್ಲರೂ ಹೋದ ಮೇಲೆ ಬಿರಡೆ ಕೂತು ನೋಡಿದಳು. ಅಪ್ಪನ ಜಾಯಿಂಟು ಒಣಗಿಯೇ ಇತ್ತು. ಭಾವನದೂ. ನಡುವಿನದರ ಅಡಿಯಲ್ಲಿ, ಕಬ್ಬಿಣ ಹಿತ್ತಾಳೆಯೊಳಗೆ ಹೋಗುವ ಕಡೆ, ಒಂದು ಹೊಳಪು ಕಂಡಿತು. ಅದು ನಿಧಾನವಾಗಿ ದುಂಡಗಾಯಿತು. ತೂಗಿತು. ಪತ್ರಿಕೆಯ ಮೇಲೆ ಬಿತ್ತು.

ಅವಳು ಮಂಡಿಯೂರಿ ಕೆಳಗಿನಿಂದ ನೋಡಿದಳು. ರೆಂಚು ತಂದು ಇನ್ನಷ್ಟು ಬಿಗಿಯಲೇ? ಒತ್ತಡದಲ್ಲಿರುವಾಗ ಮುಟ್ಟಬಾರದು. ಅಲ್ಲದೆ ಮುಟ್ಟಿದರೆ ಅದು ಯಾಕೆ ಹಾಗಾಯಿತು ಎನ್ನುವುದು ಎಂದಿಗೂ ಗೊತ್ತಾಗುವುದಿಲ್ಲ. ಹೆದರಿಕೆಗಿಂತ ಆ ಎರಡನೆಯದೇ ಅವಳ ಕೈ ಕಟ್ಟಿತು. ಇನ್ನೊಂದು ಹನಿಗೆ ಕಾದಳು. ಹೊಳಪು ಮತ್ತೆ ಬಂತು, ಆದರೆ ದುಂಡಗಾಗಲಿಲ್ಲ. ಬೆಳಕು ಹೋಗುವವರೆಗೂ ಕಾದಳು. ಅಮ್ಮ ಊಟಕ್ಕೆ ಕೂಗಿದಳು.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದವನು ಅಪ್ಪ. "ಮುಳ್ಳು ಇಳಿದಿದೆ!" ಎಂಬ ಕೂಗಿಗೆ ಮನೆಯೆಲ್ಲ ಹಿತ್ತಲಲ್ಲಿತ್ತು. ಗಾರೆ ಮೇಸ್ತ್ರಿಯೂ ಆಗಲೇ ಬಂದಿದ್ದ. ತಮಾಷೆ ತಪ್ಪಬಾರದೆಂದು ಮಹಡಿಗೆ ಹೋಗದೆ ಅಲ್ಲೇ ನಿಂತ.

ಮುಳ್ಳು ಇಳಿದದ್ದು ಒಂದು ಎಳ್ಳಿನಷ್ಟು. ಆದರೆ ಇಳಿದಿತ್ತು. ಮುಳ್ಳಿಗೆ ಇಳಿಯುವುದು ಗೊತ್ತು, ಯಾರಿಂದ ಇಳಿದೆ ಎಂದು ಹೇಳುವುದು ಗೊತ್ತಿಲ್ಲ.

"ಹುಡುಕಪ್ಪಾ ನಿನ್ನ ಅಂಟಲ್ಲಿ," ಎಂದ ಅಪ್ಪ.

ಭಾವ ಒಣ ಕಾಗದ ತೆಗೆದುಕೊಂಡು ತನ್ನದನ್ನು ಸುತ್ತಲೂ ಒರೆಸಿ ಎತ್ತಿ ಹಿಡಿದ. ಒದ್ದೆ ಇಲ್ಲ. ಅಪ್ಪನದನ್ನೂ ಒರೆಸಿದ. ಅಲ್ಲೂ ಇಲ್ಲ. ಆಮೇಲೆ ಅವನ ಕಣ್ಣು ಬೆಂಚಿನ ನಡುವೆ ಹಾಸಿದ್ದ ಪತ್ರಿಕೆಗೆ ಹೋಯಿತು. ಅಲ್ಲಿ ಒಂದು ಕಲೆ, ಒಣಗಿ ಅಂಚು ಸುಕ್ಕಾದದ್ದು.

"ಅಗೋ! ನಿಮ್ಮ ನಾರು!" ಎಂದ.

"ನನ್ನ ನಾರೇ? ಅದನ್ನ ಸೇರಿಸಿದ್ದು ನೀನು. ನಾರು ಸುತ್ತೋಕೆ ಬರದೆ ಸುತ್ತಿದ್ದೀಯ."

"ನಾನೆಲ್ಲಿ ಸುತ್ತಿದೆ ಮಾವ? ನಾನು ನಾರು ಮುಟ್ಟಿದ್ದು ಈ ಜನ್ಮದಲ್ಲಿ ನೋಡಿದ್ದೀರಾ? ನೀವೇ ತಾನೇ..."

"ನಾನು ನಿನ್ನ ಸಲ್ಯೂಷನ್ ಡಬ್ಬಿ ಮುಚ್ಚಳಾನೂ ತೆಗೆದಿಲ್ಲ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೇಸ್ತ್ರಿ ಕೆಮ್ಮಿದ. "ಹಾಗಾದ್ರೆ ಅದು ತಾನೇ ಹುಟ್ಕೊಂಡಿದೆ," ಎಂದ.

"ನಾನು ಮಾಡಿದ್ದು," ಎಂದಳು ಬಿರಡೆ.

ಅವಳ ದನಿ ಕೇಳಿ ಅಮ್ಮನೇ ಮೊದಲು ತಿರುಗಿದಳು. ಅಕ್ಕ ಬಾಚಣಿಗೆಯನ್ನು ಕೂದಲಲ್ಲೇ ಬಿಟ್ಟು ನಿಂತಳು. ಬಿರಡೆಯ ಕಿವಿ ಕೆಂಪಾಯಿತು. ಆದರೂ ಆರಂಭಿಸಿದ್ದನ್ನು ಹಿಂದಕ್ಕೆ ತಿರುಗಿಸುವ ಹಾಗಿರಲಿಲ್ಲ.

"ಆ ಹನಿ ಬಿದ್ದಿದ್ದು ನಿನ್ನೆ ಸಂಜೆ. ನಾನು ನೋಡ್ತಾ ಇದ್ದೆ. ಆಮೇಲೆ ಬಿದ್ದಿಲ್ಲ. ಮತ್ತೆ ಒತ್ತಿ ನೋಡಿ ಭಾವ."

ಭಾವ ಮತ್ತೆ ಪಂಪು ಒತ್ತಿದ. ಮುಳ್ಳು ಕೆಂಪು ಗೆರೆಗೆ ಹೋಗಿ ನಿಂತಿತು. ಎಲ್ಲರೂ ಬಗ್ಗಿ ನಡುವಿನ ಜಾಯಿಂಟನ್ನೇ ನೋಡಿದರು, ತೊಟ್ಟಿಲಲ್ಲಿರುವ ಮಗುವನ್ನು ನೋಡುವ ಹಾಗೆ. ಅಮ್ಮ ಒಳಗೆ ಹೋಗಿ ಹಾಲು ಇಳಿಸಿ ಬಂದಳು. ಮುಳ್ಳು ಅಲ್ಲೇ ಇತ್ತು, ಕಾಗದ ಒಣಗಿಯೇ ಇತ್ತು.

"ನಾರು ನೀರು ಕುಡಿದಿದೆ," ಎಂದ ಅಪ್ಪ, ತನಗೇ ಹೇಳಿಕೊಂಡಂತೆ. "ಕುಡಿದು ಉಬ್ಬಿದೆ. ಅದು ಸೋರಿಕೆ ಅಲ್ಲ."

"ನಿಮ್ಮದ್ರಲ್ಲಿ ಒಂದು ಹನೀನೂ ಬಿದ್ದಿಲ್ವಲ್ಲ ಮಾವ?"

"ನಾನು ಬಿಗಿಯಾಗಿ ಎಳೀತೀನಿ."

"ಅಂದ್ರೆ ಇವಳು ಎಳೆದಿಲ್ಲ ಅಂತಾಯ್ತು. ಒಂದು ಹನಿ ಆದ್ರೂ ಹನೀನೇ. ಬಚ್ಚಲು ನಮ್ಮದು, ನಾಳೆ ಸೋರಿದ್ರೆ ಗೋಡೆ ಒಡೀಬೇಕಾದವನು ನಾನು."

ಬಿರಡೆ ಒಳಗೆ ಓಡಿದಳು. ಅಳಲು ಹೋದಳು ಎಂದುಕೊಂಡಳು ಅಕ್ಕ, "ಅಷ್ಟಕ್ಕೇ ಯಾಕೆ ಅಂತೀರಿ ನೀವೂ" ಎಂದು ಗಂಡನನ್ನು ಗದರಿದಳು. ಬಿರಡೆ ಬಿಸ್ಕತ್ತಿನ ಡಬ್ಬಿ ಹಿಡಿದು ಬಂದಳು. ಅದರೊಳಗೆ ಕೈಯಾಡಿಸಿ ಎರಡು ಹೋಳು ತೆಗೆದು ಬೆಂಚಿನ ಮೇಲಿಟ್ಟಳು. ಪ್ಲಾಸ್ಟಿಕ್ ಕಪ್ಲಿಂಗು, ಒಳಗೆ ಹಿತ್ತಾಳೆಯ ಬಳೆ, ಬಳೆಯ ಹಿಂದೆ ಪ್ಲಾಸ್ಟಿಕ್ಕಿನ ಮೈಯಲ್ಲಿ ಕೂದಲಿನಂಥ ಬಿರುಕು, ಬಿರುಕಿನ ತುಂಬ ಕಂದು ಕೊಳೆ.

"ಇದು ಬಿಗಿಯಾಗಿ ಎಳೆದಿದ್ದು," ಎಂದಳು.

ಅಪ್ಪ ಹೋಳನ್ನು ಎತ್ತಿ ಬೆಳಕಿಗೆ ಹಿಡಿದ. ಅದು ಅವರದೇ ಅಡುಗೆಮನೆಯ ತೊಟ್ಟಿಯ ಕೆಳಗಿನದು. ಹೋದ ಮಳೆಗಾಲದಲ್ಲಿ ಅಡುಗೆಮನೆ ತುಂಬ ನೀರಾದಾಗ ಅಪ್ಪ ಅಳಿಯನ ಪ್ಲಾಸ್ಟಿಕ್ಕನ್ನು ಬೀದಿಗೆಲ್ಲ ಕೇಳುವ ಹಾಗೆ ಬೈದಿದ್ದ. ಅದಕ್ಕೆ ಕಬ್ಬಿಣ ಕೂಡಿಸಿ ಬಿಗಿದದ್ದು ತಾನೇ ಎನ್ನುವುದು ಅವನಿಗೆ ಈಗ, ಹೋಳು ನೋಡುತ್ತ, ನೆನಪಾದಂತಿತ್ತು.

ಭಾವ ಮೊದಲು ಮೂಗಿನಲ್ಲಿ ನಕ್ಕ. ಆಮೇಲೆ ಜೋರಾಗಿ. "ಕೊಳಾಯಿ ಪೋಸ್ಟ್‌ಮಾರ್ಟಮ್ಮು! ಎಷ್ಟಿಟ್ಟಿದ್ದೀಯೇ ಬಿರಡೆ?" ಎನ್ನುತ್ತ ಡಬ್ಬಿಗೆ ಕೈ ಹಾಕಿ ಇನ್ನೊಂದು ಹೋಳು ತೆಗೆದ. ಅದರಲ್ಲಿ ಅಂಟು ಒಂದು ಮಗ್ಗುಲಿಗೆ ಮಾತ್ರ ಹಿಡಿದಿತ್ತು. ಇನ್ನೊಂದು ಮಗ್ಗುಲು ಹೊಸದರ ಹಾಗೆ ನುಣ್ಣಗೆ. ಕಾಲು ಸುತ್ತು ತಿರುಗಿಸದೆ ಬಿಟ್ಟದ್ದು. ಭಾವ ಅದರ ಮೇಲೆ ತಾನೇ ಪೆನ್ಸಿಲಿನಲ್ಲಿ ಎಳೆದ ಗುರುತನ್ನು ನೋಡಿದ, ನಗು ನಿಲ್ಲಿಸಿದ, ಹೋಳನ್ನು ಮೆತ್ತಗೆ ಡಬ್ಬಿಯೊಳಗೇ ಇಟ್ಟ.

"ಏನದು? ತೋರ್ಸು," ಎಂದ ಅಪ್ಪ.

"ಏನಿಲ್ಲ ಮಾವ. ಹಳೇದು."

ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಮುಗೀತಲ್ಲ ಪಂದ್ಯ? ಕೆಳಗಿಂದ ಬಂದಿರೋ ಕಬ್ಬಿಣ ಗೋಡೆವರೆಗೂ ಇದ್ದೇ ಇದೆ, ಅದು ಹಾಗೇ ಇರ್ಲಿ. ಅಲ್ಲಿಂದ ಮೇಲಕ್ಕೆ ಪ್ಲಾಸ್ಟಿಕ್ ಹೋಗ್ಲಿ. ನಡುವೆ ಒಂದು ಸೇರಿಸಿ ಮುಗ್ಸಿ."

ಅದು ಸರಿಯಾದ ಮಾತು. ಸರಿಯಾದ ಮಾತಾದ್ದರಿಂದಲೇ ಯಾರೂ ಮಿಸುಕಲಿಲ್ಲ. ಆ ನಡುವಿನದನ್ನು ಸೇರಿಸುವುದು ಯಾರು? ಅಪ್ಪ ಸೇರಿಸಿದರೆ ಹೆಚ್ಚು ಬಿಗಿಯುತ್ತಾನೆ ಎಂದು ಅಪ್ಪನಿಗೇ ಈಗ ಅನುಮಾನ. ಭಾವನಿಗೆ ನಾರು ಬರುವುದಿಲ್ಲ, ಈ ಒರಟು ಥ್ರೆಡ್ಡಿಗೆ ಟೇಪು ಸಾಕಾಗುತ್ತದೆಯೇ ಎಂಬುದೂ ಗೊತ್ತಿಲ್ಲ. ಇಬ್ಬರ ಕಣ್ಣೂ ಬೆಂಚಿನ ನಡುವೆ ಹೋಗಿ ಬಂತು.

ಅಪ್ಪ ಬಿರಡೆಯ ಕಡೆ ತಿರುಗಿದ. "ಇದನ್ನೂ ಕೊಯ್ದು ನೋಡ್ಬೇಕು ಅಂತಿದ್ಯಾ?"

"ಹೂಂ."

"ಸೋರದೇ ಇರೋದನ್ನ ಯಾರಾದ್ರೂ ಕೊಯ್ತಾರಾ?"

"ಸೋರಿದ್ದು ಯಾಕೆ ಸೋರ್ತು ಅಂತ ನನ್ನ ಹತ್ರ ಡಬ್ಬಿ ತುಂಬ ಇದೆ ಅಪ್ಪ. ಇದು ಯಾಕೆ ನಿಲ್ತು ಅಂತ ನೋಡ್ಬೇಕು. ಆದ್ರೆ ಈಗಲ್ಲ. ಗೋಡೆಗೆ ಒಂದು ಮಾಡಿಟ್ಟ ಮೇಲೆ."

ಇಷ್ಟು ಉದ್ದದ ಮಾತು ಅವಳ ಬಾಯಿಂದ ಬಂದದ್ದನ್ನು ಆ ಮನೆ ಕೇಳಿರಲಿಲ್ಲ. ಅಕ್ಕ ಬಾಚಣಿಗೆ ಕಿತ್ತುಕೊಂಡಳು. "ಗೋಡೆಗೆ ಇವಳು ಮಾಡೋದಾ? ಸೋಮವಾರ ಕಾರ್ಖಾನೆಗೆ ಬರ್ತಾಳೆ ಅಂತ ನಾನು ಹೇಳಿದ್ದೀನಿ ಅಲ್ಲಿ. ನನ್ನ ಮಾತಿಗೆ ಬೆಲೆ ಬೇಡ್ವಾ?"

"ಗುಂಡಿ ಕೆಲಸ ಬೇಡ ಅಕ್ಕ," ಎಂದಳು ಬಿರಡೆ. ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು, ಅಷ್ಟು ಚಿಕ್ಕ ಮಾತಿಗೆ ಅಷ್ಟು ಟೀ ಮಾಡಿದ್ದೆನಲ್ಲ ಎಂದು.

ಅಕ್ಕ ಅಮ್ಮನನ್ನು ನೋಡಿದಳು. ಅಮ್ಮ ಅಪ್ಪನನ್ನು ನೋಡಿದಳು. ಅಪ್ಪ ಭಾವನನ್ನು ನೋಡಿದ. ಭಾವ ಮುಳ್ಳನ್ನು ನೋಡಿದ. ಮೇಸ್ತ್ರಿ ಯಾರನ್ನೂ ನೋಡದೆ, "ಗಾರೆ ಕಲಸ್ತಾ ಇದ್ದೀನಿ ಸ್ವಾಮಿ, ಕಲಸಿದ ಮೇಲೆ ಅದು ಯಾರಿಗೂ ಕಾಯಲ್ಲ," ಎಂದು ಮಹಡಿ ಮೆಟ್ಟಿಲು ಹತ್ತಿದ. ಮೇಲೆ ಕರಣೆಯ ಸದ್ದು ಶುರುವಾಯಿತು.

ಬಿರಡೆ ಭಾವನ ಚೀಲದಿಂದ ಹಿತ್ತಾಳೆ ಥ್ರೆಡ್ಡಿನ ಇನ್ನೊಂದು, ಸ್ವಲ್ಪ ದೊಡ್ಡ ಕಪ್ಲಿಂಗು ತೆಗೆದು ಲಂಗದ ಜೇಬಿಗೆ ಹಾಕಿಕೊಂಡಳು. ನಾರಿನ ಎಳೆಯನ್ನು ಬೆರಳಿಗೆ ಸುತ್ತಿಕೊಂಡಳು. ಪೇಸ್ಟಿನ ಡಬ್ಬ, ಸಲ್ಯೂಷನ್ನು, ಬ್ಲೇಡು, ಒರೆಸುವ ಬಟ್ಟೆ. ಕೆಳಗಿನಿಂದ ಗೋಡೆಗೆ ಬಂದಿದ್ದ ದಪ್ಪ ಕಬ್ಬಿಣವನ್ನು ಚಿಕ್ಕ ರೆಂಚು ಹಿಡಿಯುವುದಿಲ್ಲ. ದೊಡ್ಡದು ಅಪ್ಪನ ಕೈಯಲ್ಲೇ ಇತ್ತು, ಬೆಳಿಗ್ಗೆ ಎದ್ದಾಗಿನಿಂದ. ಅವಳು ಅವನ ಎದುರಿಗೆ ಬಂದು ನಿಂತು ಕೈ ಚಾಚಿದಳು.

"ಅಪ್ಪಾ, ಆ ರೆಂಚು ಇಲ್ಲಿ ಕೊಡು."